ಹಸಿರು ಹೊಳೆಯದ ಜೀವಕೋಶಗಳು

ನಮ್ಮ ಕೆಲಸದ ಹೆಸರು ಜೀನ್ ಥೆರಪಿ; ಕೇಳಿ ಯಾರೂ ನಗುವುದಿಲ್ಲ. ಮಾಡಲು ಕೂತರೆ ಮಾತ್ರ ವಾರಕ್ಕೊಂದು ನಗೆಪಾಟಲು ಗ್ಯಾರಂಟಿ. ಶೋಳಿಂಗನಲ್ಲೂರಿನ ನಮ್ಮ ಲ್ಯಾಬಿನಲ್ಲಿ ಕಾಯಿಲೆಯ ಜೀವಕೋಶದೊಳಗೆ ಒಳ್ಳೆಯ ಜೀನು ಸೇರಿಸಲು ಹೆಣಗುತ್ತೇವೆ. ಬೇರೆಯವರು ಆ ಹೊರೆಯನ್ನು ಪಳಗಿಸಿದ ವೈರಸ್ಸಿಗೆ ಹೊರಿಸುತ್ತಾರೆ. ನಮ್ಮದು ವೈರಸ್ ಇಲ್ಲದ ದಾರಿ. ದುಡ್ಡು ಕೊಟ್ಟವರು ಮಾಡುವ ರಿವ್ಯೂ ಹೊತ್ತಿಗೆ ಅದು ಫಲ ಕೊಡದಿದ್ದರೆ ಪ್ರಾಜೆಕ್ಟ್ ಬಂದ್, ನಾನು ಮನೆಗೆ.

೧. ಕರೆಂಟಿನ ದಾರಿ

ಶಾಕ್ ಕೊಟ್ಟರೆ ಜೀವಕೋಶದ ಪೊರೆಯಲ್ಲಿ ಕ್ಷಣಕಾಲ ತೂತು ಬಿದ್ದು ಜೀನು ಒಳಗೆ ನುಸುಳುತ್ತದೆ. ನಾನು ದ್ರಾವಣದಲ್ಲಿ ಕರೆಂಟನ್ನು ಮಿತಿಮೀರಿ ಹರಿಸುವ ಉಪ್ಪನ್ನು ಉಳಿಸಿಬಿಟ್ಟಿದ್ದೆ. ಗುಂಡಿ ಒತ್ತಿದ್ದೇ ತಡ, ಫಟ್ ಎಂದು ಕಿಡಿ ಹಾರಿತು. ನಮ್ಮ ಸರ್ ಓಡಿಬಂದರು. ತಾಂಬರಂನಲ್ಲೇ ಹುಟ್ಟಿ ಬೆಳೆದ ಕನ್ನಡಿಗರು, ಮಾತಿನಲ್ಲಿ ಅರ್ಧ ತಮಿಳು.

“ಎನ್ನಮ್ಮಾ ಆಯ್ತು? ಸೆಲ್ಲೆಲ್ಲಾ ಬದುಕಿದ್ಯಾ?”

“ಇಲ್ಲ ಸರ್. ನಾನು ಬದುಕಿದ್ದೀನಿ.”

“ರಿವ್ಯೂನಲ್ಲಿ ಅದನ್ನ ರಿಸಲ್ಟ್ ಅಂತ ತೋರ್ಸೋಕಾಗಲ್ಲಮ್ಮಾ.”

೨. ಕೊಬ್ಬಿನ ದಾರಿ

ಕರೆಂಟು ಬಿಟ್ಟು ಕೊಬ್ಬಿನ ಸಣ್ಣ ಹನಿಯೊಳಗೆ ಜೀನು ಅಡಗಿಸಲು ಹೊರಟೆವು. ಅಣ್ಣಾ ನಗರದ ಮನೆಯಲ್ಲಿ ಅತ್ತೆಗೆ ವಿವರಿಸಿದೆ: “ಹೀಗೆ ಕೊಟ್ಟರೆ ಜೀವಕೋಶ ತಾನಾಗೇ ನುಂಗತ್ತೆ, ಅತ್ತೆ.”

“ಇದಕ್ಕೆ ಪಿಎಚ್‌ಡಿ ಬೇಕಿತ್ತಾ? ನಿನ್ ಗಂಡಂಗೆ ಮಾತ್ರೆನ ನಾನು ಬೆಣ್ಣೆ ಉಂಡೇಲಿಟ್ಟೇ ನುಂಗಿಸ್ತಿದ್ದೆ.”

“ಚಿಕ್ಕೋರಿದ್ದಾಗ್ಲಾ?”

“ಹೋದ ವಾರ ಜ್ವರ ಬಂದಿತ್ತಲ್ಲ, ಆಗ.”

೩. ಹಸಿರು

ಆಯುಧಪೂಜೆಗೆ ಮುಂಚೆಯೇ ಸರ್ ಕಟ್ಟಪ್ಪಣೆ ಮಾಡಿದ್ದರು: “ಲ್ಯಾಬಲ್ಲಿ ಪೂಜೆ ಗೀಜೆ ವೇಂಡಾಂ. ಇದು ಸೈನ್ಸು.”

ರಜೆ ಮುಗಿಸಿ ಬಂದು ಜೀವಕೋಶಗಳಿಗೆ ಕೊಬ್ಬಿನ ಹನಿ ಕೊಟ್ಟೆ. ಜೀನು ಒಳಗೆ ಸೇರಿದ್ದರೆ ನೀಲಿ ಬೆಳಕಿನಲ್ಲಿ ಅವು ಹಸಿರಾಗಿ ಹೊಳೆಯಬೇಕು. ರಿವ್ಯೂ ದಿನ ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬರೀ ಕತ್ತಲು. ಕೊಬ್ಬನ್ನು ಬೈದೆ, ಜೀನನ್ನು ಬೈದೆ, ಅತ್ತೆಯ ಬೆಣ್ಣೆಯನ್ನೂ ಬಿಡಲಿಲ್ಲ. ಕೊನೆಗೆ ಹಿಂಬದಿಗೆ ಬಗ್ಗಿ ನೋಡುತ್ತೇನೆ, ನೀಲಿ ದೀಪದ ಗಾಜಿನ ತುಂಬ ದಪ್ಪಗೆ ಗಂಧ, ನಡುವೆ ಕುಂಕುಮ!

ಒರೆಸಿ ನೋಡಿದೆ. ಎಲ್ಲೆಲ್ಲೂ ಹಸಿರು. ಹೋದ ಜೀವ ಬಂದಂತಾಗಿ ಸ್ಟೂಲಿನ ಮೇಲೆ ಕೂತು ಅತ್ತೇಬಿಟ್ಟೆ.

ರಿವ್ಯೂ ಸುಸೂತ್ರವಾಗಿ ಮುಗಿಯಿತು. ಪ್ರಾಜೆಕ್ಟೂ ಉಳಿಯಿತು, ನಾನೂ ಉಳಿದೆ. ಆಮೇಲೆ ಸರ್ ಹತ್ತಿರ ದೂರು ಹೇಳಿದೆ: “ಯಾರೋ ನಿಮ್ಮ ಮಾತು ಮೀರಿ ಗಂಧ ಹಚ್ಚಿದ್ದಾರೆ ಸರ್.”

ಸರ್ ಕಿಟಕಿಯ ಕಡೆ ತಿರುಗಿದರು.

“ಎಲ್ಲಾ ಮೆಷಿನ್‌ಗೂ ಹಿಂದ್ಗಡೆ, ಯಾರಿಗೂ ಕಾಣ್ದಂಗೆ ಒಂದೊಂದು ಬೊಟ್ಟು ಇಟ್ಟೆಮ್ಮಾ. ರಿವ್ಯೂ ಪೂರಾ ಈ ಮೈಕ್ರೋಸ್ಕೋಪ್ ಮೇಲೇ ತಾನೇ ನಿಂತಿರೋದು? ಇದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಹಚ್ಚಿದೆ.”