ರೇಡಿಯೋ ಕಲಿತ ಸ್ಪ್ಯಾನಿಷ್

ಬೆಳಗ್ಗೆ ಎಂಟು ಗಂಟೆಗೆ ಬಾಗಿಲ ಸಂದಿಯಿಂದ ಒಳಗೆ ಬಂದು ಬಿದ್ದ ಒಂದು ಚೀಟಿಯಿಂದ ಈ ರಾದ್ಧಾಂತವೆಲ್ಲ ಶುರುವಾಯಿತು. ಚೀಟಿ ಸ್ಪ್ಯಾನಿಷ್‌ನಲ್ಲಿತ್ತು. ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿಯನ್ನು ಕಲಿಯಲೆಂದೇ ದೂರದ ದೇಶಕ್ಕೆ ಬಂದು, ವಿಶ್ವವಿದ್ಯಾಲಯದ ಒಂದಿಡೀ ಸೆಮಿಸ್ಟರನ್ನು ಇದೇ ಮನೆಯಲ್ಲಿ ಕಳೆದಿದ್ದ ನಮ್ಮ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಮನೆಯೊಡತಿಯ ಕೈಗೆ ಕೊಟ್ಟ.

"ಚಿಕ್ಕಮ್ಮ, ಏನೋ ಬಂದಿದೆ. ಸ್ವಲ್ಪ ಓದಿ ಹೇಳಿ."

ಮನೆಯೊಡತಿ ಟೈಲರು. ಬಾಯಲ್ಲಿ ಕಚ್ಚಿಕೊಂಡಿದ್ದ ನಾಲ್ಕು ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು ಓದಿದಳು. "ಇವತ್ತು ಹನ್ನೊಂದು ಗಂಟೆಗೆ ನಿನ್ನ ಬಾಯಿ ಪರೀಕ್ಷೆಯಂತೆ. ಕಾಲೇಜಲ್ಲಲ್ಲ, ಇಲ್ಲೇ ಮನೇಲಿ. ಇಲ್ಲಿನವರಿಬ್ಬರ ಜೊತೆ ನೀನು ಅರ್ಧ ಗಂಟೆ ಸ್ಪ್ಯಾನಿಷ್‌ನಲ್ಲಿ ಮಾತಾಡಬೇಕು, ಪರೀಕ್ಷೆ ಮಾಡೋರು ಕೂತ್ಕೊಂಡು ಕೇಳ್ತಾರೆ. ಏನೋ ಇದು, ಮುಖ ಯಾಕೆ ಹಾಗೆ ಮಾಡ್ತೀಯ?"

ಆ ದೇಶದಲ್ಲೇ ಹುಟ್ಟಿ, ಊರಿನ ಗಡಿ ದಾಟದ ಈ ಹೆಂಗಸಿನ ಬಾಯಲ್ಲಿ ಇಷ್ಟು ಸಲೀಸಾದ ಕನ್ನಡ ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಕೇಳಬೇಕಾದ್ದೇ. ನಮ್ಮ ಹುಡುಗನಿಗೆ ಅವನ ಊರಿನ ಕಾಲೇಜಿನಲ್ಲಿ 'ರೇಡಿಯೋ' ಎಂದು ಹೆಸರು. ಕೇಳುವವರು ಇರಲಿ, ಎದ್ದು ಹೋಗಲಿ, ಅವನ ಪಾಡಿಗೆ ಅವನು ಮಾತಾಡುತ್ತಲೇ ಇರುತ್ತಿದ್ದ. ಇಲ್ಲಿಗೆ ಬಂದ ಮೊದಲ ದಿನವೇ ಟೈಲರಮ್ಮ ನಲ್ಲಿಯನ್ನು ತೋರಿಸಿ ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಏನೆನ್ನುತ್ತಾರೆಂದು ಹೇಳಿಕೊಟ್ಟಳು. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ತಿರುಗಿ ಹೇಳುತ್ತಿದ್ದರು. ರೇಡಿಯೋ, "ಓಹೋ, ನಾವಿದಕ್ಕೆ ನಲ್ಲಿ ಅಂತೀವಿ. ಎಲ್ಲಿ, ನೀವು ಹೇಳಿ ನೋಡೋಣ" ಎಂದು ಆಕೆಯ ಬಾಯಿಂದ ಮೂರು ಸಲ ಹೇಳಿಸಿ, ಉಚ್ಚಾರಣೆ ತಿದ್ದಿ, ಆಮೇಲೆ ಕೈ ತೊಳೆದುಕೊಂಡ.

ಮೂರು ತಿಂಗಳಲ್ಲಿ ಟೈಲರಮ್ಮ ಅವನನ್ನು ಕನ್ನಡದಲ್ಲೇ ಬೈಯುವಷ್ಟಾದಳು. "ನೀನಂತೂ ಕಲಿಯೋ ಪೈಕಿ ಅಲ್ಲ. ಯಾರಾದ್ರೂ ಒಬ್ಬರು ಕಲೀಬೇಕಲ್ಲ, ಇಲ್ದಿದ್ರೆ ನಲ್ಲಿ ನಿಲ್ಸು ಅಂತ ನಿಂಗೆ ಹೇಳೋರು ಯಾರು?" ಎಂದು ಆಗಾಗ ಕೇಳುತ್ತಿದ್ದಳು. ಅದಕ್ಕೆ ರೇಡಿಯೋ ಹಲ್ಲು ಕಿರಿಯುತ್ತಿದ್ದ. 'ಸ್ಥಳೀಯರೊಂದಿಗೆ ಸಂಪೂರ್ಣ ಬೆರೆತಿದ್ದೇನೆ' ಎಂದು ಊರಿನ ಕಾಲೇಜಿಗೆ ತಿಂಗಳು ತಿಂಗಳು ವರದಿ ಕಳಿಸುತ್ತಿದ್ದ. ಮಾತು ಸುಳ್ಳಲ್ಲ, ಬೆರೆತವರು ಯಾರು ಎಂಬುದಷ್ಟೇ ತಿರುವುಮುರುವಾಗಿತ್ತು.

ಈಗ ಮಾತ್ರ ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಈ ಪರೀಕ್ಷೆ ಹೋದರೆ ಸೆಮಿಸ್ಟರ್ ಹೋಯಿತು, ಸೆಮಿಸ್ಟರ್ ಹೋದರೆ ವರ್ಷ ಹೋಯಿತು. ಊರಿನ ಅದೇ ಕಾಲೇಜಿನಲ್ಲಿ ಅವನ ತಂಗಿ ಅವನಿಗಿಂತ ಒಂದು ವರ್ಷ ಕೆಳಗಿನ ಕ್ಲಾಸಿನಲ್ಲಿ ಓದುತ್ತಿದ್ದಳು. ಫೇಲಾದರೆ ಇಬ್ಬರಿಗೂ ಒಂದೇ ಕ್ಲಾಸು. ಹೋದ ವಾರವೇ ಅವಳು ಫೋನಿನಲ್ಲಿ, "ಅಣ್ಣ, ನೀನೇನೂ ಯೋಚನೆ ಮಾಡ್ಬೇಡ. ಎರಡನೇ ಬೆಂಚಲ್ಲಿ ಜಾಗ ಹಿಡಿದಿಟ್ಟಿರ್ತೀನಿ. ನನ್ನ ಅಣ್ಣ ಅಂತ ಮಾತ್ರ ಯಾರ ಹತ್ರಾನೂ ಹೇಳ್ಕೋಬೇಡ" ಎಂದಿದ್ದಳು. ಆ ಮಾತು ನೆನಪಾಗಿ ರೇಡಿಯೋಗೆ ಅಳುವೇ ಬಂತು.

"ಚಿಕ್ಕಮ್ಮ, ಕೈ ಮುಗೀತೀನಿ. ಇವತ್ತೊಂದು ದಿನ ಕನ್ನಡ ಬೇಡ. ನೀವು, ಕೆಳಗಡೆ ಕಟಿಂಗ್ ಮಾವ, ಇಬ್ಬರೂ ಸ್ಪ್ಯಾನಿಷ್‌ನಲ್ಲೇ ಮಾತಾಡಿ ನನ್ನ ಮಾನ ಉಳಿಸಿ."

"ನಿನ್ನ ಜೊತೆ ಬೇಕಾದ್ರೆ ಆಡ್ತೀನಿ. ಅವನ ಜೊತೆ ಆಗಲ್ಲ. ಸ್ಪ್ಯಾನಿಷ್‌ನಲ್ಲಿ ನಮ್ಮಿಬ್ಬರಿಗೆ ಮಾತಿಲ್ಲ."

ಇದೊಂದು ಬೇರೆ ಕತೆ. ಕಟಿಂಗ್ ಮಾವನೆಂದರೆ ಕೆಳಗಿನ ಕ್ಷೌರದಂಗಡಿಯವನು. ನಾಲ್ಕು ವರ್ಷದ ಹಿಂದೆ ಅವನ ಅಂಗಡಿಯ ಕೂದಲು ಗಾಳಿಗೆ ಹಾರಿ, ಟೈಲರಮ್ಮ ಹೊಲಿದು ನೇತುಹಾಕಿದ್ದ ಮದುವಣಗಿತ್ತಿಯ ಬಿಳಿ ಉಡುಪಿನ ತುಂಬಾ ಅಂಟಿಕೊಂಡಿತ್ತು. ಸತ್ತರೂ ಒಬ್ಬರೊಡನೊಬ್ಬರು ಮಾತಾಡುವುದಿಲ್ಲವೆಂದು ಅವತ್ತೇ ಇಬ್ಬರೂ ಆಣೆ ಮಾಡಿದರು. ಆಮೇಲೆ ರೇಡಿಯೋ ಬಂದ. ಕ್ಷೌರಕ್ಕೆ ಕೂತಾಗಲೂ ಬಾಯಿ ಮುಚ್ಚದ ಅವನಿಂದ ಕಟಿಂಗ್ ಮಾವನಿಗೂ ಕನ್ನಡ ಹತ್ತಿತು. ಆಣೆ ಮಾಡಿದ್ದು ಸ್ಪ್ಯಾನಿಷ್‌ನಲ್ಲಿ, ಕನ್ನಡ ಅದರ ಲೆಕ್ಕಕ್ಕೆ ಬರುವುದಿಲ್ಲ ಎಂದು ಇಬ್ಬರೂ ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡರು. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಮೆಟ್ಟಿಲ ಮೇಲೆ ನಿಂತು ಕನ್ನಡದಲ್ಲಿ ಕಕ್ಕಿದರು.

ರೇಡಿಯೋ ಕೆಳಗೆ ಓಡಿದ. ಕಟಿಂಗ್ ಮಾವ ಒಬ್ಬ ಗಿರಾಕಿಯ ಅರ್ಧ ಗಡ್ಡ ಮುಗಿಸಿದ್ದ.

"ಬರ್ತೀನಿ ಕಣೋ, ನಿನಗೋಸ್ಕರ ಬರ್ತೀನಿ. ಆದ್ರೆ ಚಿಕ್ಕಮ್ಮನ ಹತ್ರ ಸ್ಪ್ಯಾನಿಷ್ ಆಡು ಅಂತ ಮಾತ್ರ ಹೇಳ್ಬೇಡ. ಆಣೆ ಅಂದ್ರೆ ಆಣೆ." ಟೈಲರಮ್ಮನಿಗಿಂತ ಹತ್ತು ವರ್ಷ ದೊಡ್ಡವನಾದರೂ ಅವನೂ ಆಕೆಯನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದ. ಅದು ಆಕೆಯ ಕನ್ನಡದ ಹೆಸರು ಎಂದು ಅವನ ತಿಳುವಳಿಕೆ.

ಅರ್ಧ ಗಡ್ಡದವನನ್ನು ಹಾಗೇ ಕೂರಿಸಿ ಮೇಲೆ ಬಂದ. ಮೂವರೂ ಸೇರಿ ಒಂದು ಉಪಾಯ ಮಾಡಿದರು. ಐದು ಪ್ರಶ್ನೆ, ಐದು ಉತ್ತರ. ಪ್ರಶ್ನೆ ಅವರಿಬ್ಬರು ಕೇಳುವುದು, ಉತ್ತರಗಳನ್ನು ರೇಡಿಯೋ ಅರ್ಥ ಗೊತ್ತಿಲ್ಲದಿದ್ದರೂ ಗಿಣಿಯ ಹಾಗೆ ಬಾಯಿಪಾಠ ಮಾಡುವುದು. ಎಷ್ಟನೆಯ ಉತ್ತರ ಹೇಳಬೇಕು ಎಂಬುದನ್ನು ಟೈಲರಮ್ಮ ಬೆರಳಿನಲ್ಲಿ ತೋರಿಸುವುದು. ಎರಡೂವರೆ ಗಂಟೆ ಉರು ಹೊಡೆದು ರೇಡಿಯೋ ತಯಾರಾದ.

ಹನ್ನೊಂದಕ್ಕೆ ಸರಿಯಾಗಿ ಪರೀಕ್ಷಕಿ ಬಂದಳು. ಬೇರೆ ಊರಿನವಳು, ಈ ಬೀದಿಗೆ ಇದೇ ಮೊದಲು. ಗಂಭೀರವಾದ ಮುಖ, ಕೈಯಲ್ಲಿ ಪುಸ್ತಕ, ಮೈಮೇಲೆ ಒಳ್ಳೆಯ ಬೂದು ಬಣ್ಣದ ಕೋಟು. ಕೋಟಿನ ನಡುವಿನ ಗುಂಡಿಯೊಂದು ದಾರದಲ್ಲಿ ಜೋತಾಡುತ್ತಿತ್ತು.

ಅದನ್ನು ನೋಡಿಕೊಂಡು ಸುಮ್ಮನಿರುವುದು ಟೈಲರಮ್ಮನಿಂದಾಗಲಿಲ್ಲ. ಕೋಟು ಬಿಚ್ಚಿಸಿಕೊಂಡು ಸೂಜಿ ಹಿಡಿದು ಕೂತೇಬಿಟ್ಟಳು. ಹೊಲಿಯುತ್ತಲೇ ಮೊದಲ ಪ್ರಶ್ನೆ ಕೇಳಿದಳು: ಊರಿನಲ್ಲಿ ನಿನ್ನ ತಂಗಿ ಏನು ಮಾಡುತ್ತಾಳೆ? ಹೆಬ್ಬೆರಳು ತೋರುಬೆರಳು ಸೂಜಿ ಹಿಡಿದಿದ್ದವು, ಉಳಿದ ಮೂರು ಮೇಲೆದ್ದಿದ್ದವು. ರೇಡಿಯೋ ಮೂರನ್ನು ಎಣಿಸಿಕೊಂಡು, ಮೂರನೆಯ ಉತ್ತರವನ್ನು ನಿರರ್ಗಳವಾಗಿ ಒಪ್ಪಿಸಿದ: ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದೇನೆ, ಮಳೆ ಬಂದಾಗ ಮಾತ್ರ ಹೊರಗೆ ತೆಗೆಯುತ್ತೇನೆ.

ಪರೀಕ್ಷಕಿ ತಲೆಯೆತ್ತಿ ನೋಡಿದಳು. ಕಟಿಂಗ್ ಮಾವ ಸಂಭಾಳಿಸಲು ಹೋಗಿ ಮೂರನೆಯ ಪ್ರಶ್ನೆಯನ್ನು ಆಗಲೇ ಕೇಳಿಬಿಟ್ಟ: ನಿನ್ನ ಕೊಡೆ ಎಲ್ಲಿದೆ? ಮೂರನೆಯದು ಮುಗಿಯಿತಲ್ಲ ಎಂದುಕೊಂಡ ರೇಡಿಯೋ ಮೊದಲನೆಯದನ್ನು ಹೇಳಿದ: ಕಾಲೇಜಿಗೆ ಹೋಗುತ್ತಾಳೆ, ಓದಿನಲ್ಲಿ ನನಗಿಂತ ಚುರುಕು. ಇದರಲ್ಲಿ ಕೊನೆಯ ಮಾತು ಕೊಡೆಗೂ ಹೊಂದುತ್ತಿತ್ತು. ಪರೀಕ್ಷಕಿ ಪುಸ್ತಕದಲ್ಲಿ ಏನೋ ಗೀಚಿಕೊಂಡಳು.

ಗಾಬರಿಯಾದ ಟೈಲರಮ್ಮ ಗುಂಡಿ ಮುಗಿಸಿ, ಕೋಟನ್ನು ಮೇಜಿನ ಮೇಲೆ ಹರಡಿ ಇಸ್ತ್ರಿಪೆಟ್ಟಿಗೆ ಇಟ್ಟಳು. ಕಣ್ಣು ರೇಡಿಯೋ ಮೇಲೆ, ಕೈ ಇಸ್ತ್ರಿಪೆಟ್ಟಿಗೆ ಮೇಲೆ. ಕೈ ಚಲಿಸುವುದನ್ನು ಮರೆತಿತ್ತು. ಅದನ್ನು ಮೊದಲು ಕಂಡವನು ಕಟಿಂಗ್ ಮಾವ. ಸ್ಪ್ಯಾನಿಷ್‌ನಲ್ಲಿ ಹೇಳೋಣವೆಂದರೆ ಆಣೆ, ಕನ್ನಡದಲ್ಲಿ ಹೇಳೋಣವೆಂದರೆ ಹುಡುಗನ ಪರೀಕ್ಷೆ. ಕೈ ಬೀಸಿದ, ಮೂಗು ಹಿಡಿದುಕೊಂಡು ತೋರಿಸಿದ. ತನ್ನನ್ನೇ ಅಣಕಿಸುತ್ತಿದ್ದಾನೆಂದು ಆಕೆ ಮುಖ ತಿರುಗಿಸಿದಳು. ಹೊಗೆ ಎದ್ದಿತು.

"ಏ ಚಿಕ್ಕಮ್ಮ, ಕೋಟು ಸುಡ್ತಾ ಇದೆ, ಕಣ್ಣು ಕಾಣಲ್ವಾ?" ಎಂದು ಕಟಿಂಗ್ ಮಾವ ಕೊನೆಗೆ ಕನ್ನಡದಲ್ಲೇ ಕೂಗಿದ.

"ಅಯ್ಯೋ ನನ್ನ ಕರ್ಮ. ಹೊಗೆ ಬರೋತನಕ ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?"

"ಕೈಬಾಯಿ ಮಾಡಿ ಹೇಳಿದ್ನಲ್ಲ. ನಿನ್ನ ಇಸ್ತ್ರಿಪೆಟ್ಟಿಗೆ ಬೆಂಕಿ ಹಚ್ಚಿದಳು, ಅದಕ್ಕೂ ನಾನೇ ಕಾರಣಾನಾ?"

"ಹಚ್ಚಿದಳು ಅಲ್ಲ ಮಾವ, ಹಚ್ಚಿತು" ಎಂದು ರೇಡಿಯೋ ಅಭ್ಯಾಸಬಲದಿಂದ ತಿದ್ದಿದ. ಅಲ್ಲಿಗೆ ಕಟ್ಟೆ ಒಡೆಯಿತು. ಬಿಳಿ ಉಡುಪಿನ ಹಳೇ ಜಗಳ ಎದ್ದು ಬಂತು, ಅದಕ್ಕೆ ಇವತ್ತಿನ ಕೋಟು ಸೇರಿಕೊಂಡಿತು. ನಡುವೆ ನಿಂತು "ಸುಮ್ನಿರ್ರೀ ಇಬ್ರೂ" ಎಂದು ಕೂಗುತ್ತಿದ್ದವನೂ ಸೇರಿ, ಮೂವರೂ ಹತ್ತು ನಿಮಿಷ ಅಚ್ಚ ಕನ್ನಡದಲ್ಲಿ ಕಚ್ಚಾಡಿದರು. ಪರೀಕ್ಷಕಿ ಸುಟ್ಟ ಕೋಟನ್ನೂ ಮರೆತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಾ ಕೂತಿದ್ದಳು.

ಜಗಳ ತಣ್ಣಗಾದ ಮೇಲೆ ಆಕೆ ನಿಧಾನವಾಗಿ ಏನೋ ಹೇಳಿದಳು. ರೇಡಿಯೋ ಚಿಕ್ಕಮ್ಮನ ಕಡೆ ನೋಡಿದ.

"ಪಾಪ, ನಿನ್ನ ತಪ್ಪೇನೂ ಇಲ್ವಂತೆ" ಎಂದು ಟೈಲರಮ್ಮ ಪಿಸುಗುಟ್ಟಿದಳು. "ನಿನ್ನ ದೇಶದ ಜನರ ಮನೇಲೇ ನಿನ್ನನ್ನ ತಂದು ಬಿಟ್ಟಿದ್ದಾರಂತೆ. ಇಂಥ ಕಡೆ ಇದ್ಕೊಂಡು ಅಷ್ಟಾದ್ರೂ ಕಲ್ತಿದೀಯಲ್ಲ, ಕನಿಕರಪಟ್ಟು ಪಾಸು ಮಾಡ್ತಾರಂತೆ."

ರೇಡಿಯೋಗೆ ಹೋದ ಜೀವ ಬಂದಂತಾಯಿತು. ಅವರ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು. ಪರೀಕ್ಷಕಿ ಪೆನ್ನು ತೆಗೆದಳು, ಹಾಳೆ ಬಿಡಿಸಿದಳು. ಸಹಿಗೆ ಮುಂಚೆ ಟೈಲರಮ್ಮನ ಕಡೆ ತಿರುಗಿ, ನಗುನಗುತ್ತಾ ಇನ್ನೆರಡು ಮಾತು ಹೇಳಿದಳು. ಟೈಲರಮ್ಮನ ಮುಖ ಕೆಂಪಾಯಿತು.

"ಏನಂದ್ರು ಚಿಕ್ಕಮ್ಮ?"

"ನನ್ನ ಸ್ಪ್ಯಾನಿಷ್ ಪರವಾಗಿಲ್ವಂತೆ. ಹೊರಗಿನಿಂದ ಬಂದೋರಿಗೆ ಇಷ್ಟು ಬರೋದೇ ಹೆಚ್ಚಂತೆ. ಅಭ್ಯಾಸ ಬಿಡಬಾರದಂತೆ."

"ಹೋಗ್ಲಿ ಬಿಡಿ, ಹೂಂ ಅಂದ್ಬಿಡಿ. ಒಂದು ಸಹಿ ಆಗ್ಲಿ."

ಟೈಲರಮ್ಮ ಹುಡುಗನ ಮುಖ ನೋಡಿ ಅದನ್ನೂ ನುಂಗಿಕೊಂಡಳು. ಆದರೆ ಪರೀಕ್ಷಕಿ ಅಷ್ಟಕ್ಕೆ ಬಿಡಲಿಲ್ಲ. ಕಟಿಂಗ್ ಮಾವನ ಕಡೆ ಬೆರಳು ತೋರಿಸಿ, ಇವರ ಉಚ್ಚಾರಣೆ ನಿಮ್ಮದಕ್ಕಿಂತ ಒಂದು ಕೈ ಮೇಲು, ಇವರ ಹತ್ತಿರ ಪಾಠ ಹೇಳಿಸಿಕೊಳ್ಳಿ ಎಂದಳು. ಕಟಿಂಗ್ ಮಾವ ಮೀಸೆ ತಿರುವಿದ.

ಇನ್ನು ಯಾರು ತಡೆದರೂ ನಿಲ್ಲುವಂತಿರಲಿಲ್ಲ. ಟೈಲರಮ್ಮ ಮೇಜು ಕುಟ್ಟಿ, ಮಷೀನಿನ ಸೂಜಿ ಓಡಿದಂತೆ ಸ್ಪ್ಯಾನಿಷ್‌ನಲ್ಲಿ ಶುರು ಮಾಡಿದಳು. ತಾನು ಹುಟ್ಟಿದ್ದು ಇದೇ ಕೋಣೆಯಲ್ಲಿ, ತನ್ನ ತಾಯಿ ಹುಟ್ಟಿದ್ದು ಪಕ್ಕದ ಕೋಣೆಯಲ್ಲಿ, ತನಗೆ ಪಾಠ ಹೇಳುವಂಥ ಕ್ಷೌರದವನು ಇನ್ನೂ ಹುಟ್ಟಿಲ್ಲ. ಈ ಕನ್ನಡವೆಲ್ಲ ಈ ಹುಡುಗ ಕಲಿಸಿದ್ದು, ಅವನಿಗೆ ಸ್ಪ್ಯಾನಿಷ್‌ನಲ್ಲಿ ಬರುವುದು ಐದೇ ಉತ್ತರ, ಅದೂ ಇವತ್ತು ಬೆಳಗ್ಗೆ ತಾನೇ ಹೇಳಿಕೊಟ್ಟದ್ದು. ಎಲ್ಲ ಹೇಳಿ ಮುಗಿದ ಮೇಲೆ ಹುಡುಗನ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಪರೀಕ್ಷಕಿಯ ಪೆನ್ನು ಹಾಳೆಯ ಮೇಲೆ ಅಡ್ಡಗೀಟು ಎಳೆದದ್ದನ್ನು ಅರ್ಥ ಮಾಡಿಕೊಳ್ಳಲು ರೇಡಿಯೋಗೆ ಯಾವ ಭಾಷೆಯೂ ಬೇಕಾಗಲಿಲ್ಲ. ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಜೀವಮಾನದಲ್ಲಿ ಮೊದಲ ಸಲ ಅವನ ಮಾತು ನಿಂತಿತ್ತು.

ಪರೀಕ್ಷಕಿ ಎದ್ದಳು. ಬಾಗಿಲವರೆಗೆ ಹೋದವಳು ಅಲ್ಲೇ ನಿಂತು ಟೈಲರಮ್ಮನನ್ನು ಏನೋ ಕೇಳಿದಳು. ಟೈಲರಮ್ಮ ಮೂರು ಬೆರಳು ತೋರಿಸಿದಳು. ಇನ್ನೊಂದು ಕೇಳಿದಳು, ಟೈಲರಮ್ಮ ಇಲ್ಲವೆಂದು ತಲೆಯಾಡಿಸಿದಳು. ಪರೀಕ್ಷಕಿ ಹೊರಗೆ ಬಗ್ಗಿ ನೋಡಿ, ಬಾಗಿಲು ಮುಚ್ಚಿ, ವಾಪಸು ಬಂದು ಕೂತು ತಗ್ಗಿದ ದನಿಯಲ್ಲಿ ಮಾತಾಡತೊಡಗಿದಳು.

"ಏನಂತೆ?" ಎಂದ ರೇಡಿಯೋ, ಸತ್ತ ದನಿಯಲ್ಲಿ.

"ಕನ್ನಡ ಕಲಿಯೋಕೆ ಎಷ್ಟು ದಿನ ಹಿಡೀತು ಅಂದ್ರು. ಮೂರು ತಿಂಗಳು ಅಂದೆ. ಈ ಕಡೆ ಬೇರೆ ಯಾರಿಗಾದ್ರೂ ತಿಳಿಯುತ್ತಾ ಅಂದ್ರು. ಒಂದಕ್ಷರಾನೂ ಇಲ್ಲ ಅಂದೆ." ಟೈಲರಮ್ಮನೂ ದನಿ ತಗ್ಗಿಸಿದಳು. "ಅವರ ಮನೇಲಿ ಅತ್ತೆ ಇದ್ದಾರಂತೆ. ಗಂಡನ ಹತ್ರ ಒಂದು ಮಾತಾಡಿದ್ರೂ ಪಕ್ಕದ ಕೋಣೆಯಿಂದ ಉತ್ತರ ಬರುತ್ತಂತೆ. ಮುಂದಿನ ಸೆಮಿಸ್ಟರ್ ನೀನು ಅವರ ಮನೇಲೇ ಇರ್ಬೇಕಂತೆ. ಪರೀಕ್ಷೆ ಮಾಡೋರೂ ಅವರೇ. ಗಂಡ ಹೆಂಡ್ತಿ ಇಬ್ರೂ ಕನ್ನಡದಲ್ಲಿ ಸಲೀಸಾಗಿ ಮಾತಾಡೋವರೆಗೂ ನಿನ್ನನ್ನ ಪಾಸು ಮಾಡಲ್ವಂತೆ."

ರೇಡಿಯೋ ಮುಖದ ಮೇಲೆ ಒಂದಿಷ್ಟು ಜೀವ ಬಂತು. ಮೂರು ತಿಂಗಳ ಕೆಲಸ ತಾನೇ.

"ಬೇಗ ಕಲೀತಾರಾ ಕೇಳಿ ಚಿಕ್ಕಮ್ಮ."

ಟೈಲರಮ್ಮ ಕೇಳಿದಳು. ಪರೀಕ್ಷಕಿ ಒಂದು ನಿಟ್ಟುಸಿರು ಬಿಟ್ಟು ಉತ್ತರ ಕೊಟ್ಟಳು.

"ಅವರಿಗೇನೋ ಬೇಗ ಬರುತ್ತಂತೆ. ಗಂಡಂದೇ ಕಷ್ಟ. ಮದುವೆಯಾಗಿ ಹತ್ತು ವರ್ಷ ಆಯ್ತಂತೆ, ಗಂಡನಿಗಿನ್ನೂ ಇವರು ಸ್ಪ್ಯಾನಿಷ್‌ನಲ್ಲಿ ಹೇಳಿದ್ದೇ ಅರ್ಥ ಆಗ್ತಿಲ್ವಂತೆ."