ಅತ್ತೆಯ ಮಣ್ಣಿನ ಲಾಡ್ಜು

ದುಡ್ಡು ಕೊಟ್ಟು ಬೈಸಿಕೊಂಡು, ಹೊರಡುವಾಗ ಕೈಮುಗಿದು, ಮುಂದಿನ ವರ್ಷ ಮತ್ತೆ ಬೈಸಿಕೊಳ್ಳಲು ಈಗಲೇ ಹೆಸರು ಬರೆಸಿ ಹೋಗುವವರನ್ನು ನೀವು ಕಂಡಿದ್ದೀರಾ? ಇಲ್ಲವೆಂದರೆ ಅನಗವಾಡಿಗೆ ಬನ್ನಿ. ಅಲ್ಲಿ ಕೃಷ್ಣೆಯ ಹಿನ್ನೀರಿಗೆ ಮುಖ ಮಾಡಿ ನಾಲ್ಕು ಮಣ್ಣಿನ ಕೋಣೆಗಳಿವೆ. ಅವುಗಳ ಒಡತಿ ನಮ್ಮಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ. ಹೊಸ್ತಿಲಲ್ಲೇ ನಿಂತು ನಿಮ್ಮ ಚೀಲ ತಪಾಸಣೆ ಮಾಡುತ್ತಾಳೆ. ಪ್ಲಾಸ್ಟಿಕ್ ಬಾಟಲಿ ಸಿಕ್ಕಿತೋ, ನಿಮ್ಮ ಕಥೆ ಮುಗಿಯಿತು!

ಜಮಖಂಡಿಯ ಹೈಸ್ಕೂಲಿನಲ್ಲಿ ಜೀವಮಾನವಿಡೀ ಗಣಿತ ಕಲಿಸಿದವಳು. ನಿವೃತ್ತಳಾದ ಮೇಲೆ ಎಲ್ಲರಂತೆ ಕಾಶಿಗೆ ಹೋಗಲಿಲ್ಲ, ಧಾರಾವಾಹಿ ನೋಡಲಿಲ್ಲ. ಒಂದು ದಿನ ಚಹಾ ಕುಡಿಯುತ್ತ, "ಹಕ್ಕಿ ನೋಡಾಕ ಮಂದಿ ಎಲ್ಲೆಲ್ಲಿಂದೋ ಬರತಾರ. ಉಳಿಯಾಕ ಜಾಗಾ ಇಲ್ಲಂತ ಹೊಳ್ಳಿ ಹೋಗತಾರ. ನಾ ಒಂದು ಲಾಡ್ಜ್ ಕಟ್ಟಾಕಿ. ಮಣ್ಣಿಂದು," ಎಂದಳು.

ಅಪ್ಪನ ಕೈಯಲ್ಲಿದ್ದ ಬಸಿಯಿಂದ ಚಹಾ ಚೆಲ್ಲಿತು. ಅವರು ಮುಧೋಳದಲ್ಲಿ ಆರ್‌ಸಿಸಿ ಮನೆ ಕಟ್ಟಿಸುವ ಗುತ್ತಿಗೆದಾರರು. ಅಂಥವರ ಸ್ವಂತ ಅಕ್ಕ ಮಣ್ಣಿನ ಮನೆ ಕಟ್ಟುವುದೆಂದರೆ, ಚಪ್ಪಲಿ ಅಂಗಡಿಯವನ ಅಕ್ಕ ಬರಿಗಾಲಲ್ಲಿ ನಡೆಯಿರಿ ಎಂದು ಊರಿಗೆಲ್ಲ ಸಾರಿದಂತೆ ಅಲ್ಲವೇ?

"ಅಕ್ಕಾ, ಒಂದ ದೊಡ್ಡ ಮಳಿ ಸಾಕು. ನಿನ್ನ ಲಾಡ್ಜ್ ಹೊಳ್ಯಾಗ ಈಜಾಕತ್ತಿರತೈತಿ!"

"ಈಜಲಿ ಬಿಡೋ. ದೋಣಿಮನಿ ಅಂತ ಬೋರ್ಡ್ ಹಾಕತೇನಿ."

ಗೋಡೆಯ ಗಿಲಾವಿಗೆ ಸುಣ್ಣದ ಜೊತೆ ಬೆಲ್ಲದ ನೀರು ಬೇಕಂತೆ, ಹಳೆಯ ಕಾಲದ ಪದ್ಧತಿ. ನನ್ನನ್ನೂ ಎಳೆದುಕೊಂಡು ಮಹಾಲಿಂಗಪುರದ ಪೇಟೆಗೆ ಹೋದಳು. ರಾಶಿ ರಾಶಿ ಬೆಲ್ಲದ ಪೆಂಟೆ ತೂಗಿಸುವುದನ್ನು ನೋಡಿ ವ್ಯಾಪಾರಿ ಹಲ್ಲು ಕಿರಿದ. "ಯಾರ ಮದವೀರಿ ಅಕ್ಕೋರ?"

"ಮದವಿ ಅಲ್ಲ. ಗ್ವಾಡಿಗೆ."

"ಗ್ವಾಡಿ ಬೆಲ್ಲಾ ತಿಂತಾವೇನ್ರೀ?"

"ತಿಂತಾವ. ನಿನ್ನಂಗ ತೂಕದಾಗ ಮಾತ್ರ ಹೊಡಿಯಂಗಿಲ್ಲ!"

ಗಿಲಾವು ಮುಗಿದ ಮರುದಿನವೇ ಬೀಳಗಿ ತಾಲೂಕಿನ ಅಷ್ಟೂ ಇರುವೆಗಳು ಸಂಸಾರಸಮೇತ ಬಂದಿಳಿದವು. ನಾನು ಗಾಬರಿಯಾಗಿ ಓಡಿಹೋಗಿ ಹೇಳಿದರೆ, ಅತ್ತೆ ಕನ್ನಡಕ ಸರಿಪಡಿಸಿಕೊಂಡು ನೋಡಿ, "ನೋಡಲೇ, ಬಣ್ಣಾ ಹಚ್ಚೂದರಾಗ ನಾಕೂ ಖೋಲಿ ಭರ್ತಿ!" ಎಂದಳು. ಗಿಲಾವು ಒಣಗಿ ಕಲ್ಲಾದ ಮೇಲೆ ಆ ಅತಿಥಿಗಳು ತಾವಾಗಿಯೇ ಜಾಗ ಖಾಲಿ ಮಾಡಿದರು.

ಆಮೇಲೆ ಬಂತು ನೋಡಿ ಮಳೆ. ಮೂರು ದಿನ ಬಿಡಲಿಲ್ಲ. ಮಣ್ಣಿನ ಮಾಳಿಗೆ ಒಂದು ಕಡೆ ಸೋರಿತು. ಸುದ್ದಿ ಮುಟ್ಟಿದ್ದೇ ತಡ, ಅಪ್ಪ ಮೊದಲ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಛತ್ರಿ, ಮುಖದಲ್ಲಿ ಹಬ್ಬ!

"ನಾ ಏನ ಹೇಳಿದ್ದೆ?"

"ಹೇಳಿದ್ದಿ, ಖರೆ. ನಿನ್ನ ಸ್ಲ್ಯಾಬ್ ಸೋರಿದರ ಇಡೀ ಮನಿ ಒಡಿಬೇಕು. ಇದಕ್ಕ ಒಂದ ಬುಟ್ಟಿ ಮಣ್ಣ ಸಾಕು. ಹೆಂಗೂ ಬಂದೀಯಲ್ಲ, ಏರ ಮ್ಯಾಲ!"

ಅಪ್ಪ ಏರಿದರು. ಏರದೆ ಏನು ಮಾಡುತ್ತಾರೆ, ಅವರಿಗೂ ಗಣಿತ ಕಲಿಸಿದವಳು ಅವಳೇ! ಅರ್ಧ ಗಂಟೆಯಲ್ಲಿ ಸೋರುವುದು ನಿಂತಿತು. ಕೆಳಗಿಳಿದವರು ಗೋಡೆಯನ್ನು ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡಿ ಬಸ್ಸು ಹತ್ತಿದರು.

ಇನ್ನು ಉಳಿದದ್ದು ಸರ್ಕಾರದ ಪರವಾನಗಿ. ಅದಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಪರಿಶೀಲನೆಗೆ ಸಾಹೇಬರು ಬಂದದ್ದು ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಕರೆಂಟು ಬೇರೆ ಹೋಗಿತ್ತು.

"ಎ.ಸಿ. ಎಲ್ಲೈತ್ರೀ?" ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ.

"ಅದರ ಒಳಗ ನಿಂತೀರಿ," ಎಂದಳು ಅತ್ತೆ. "ಕುಂದರ್ರಿ. ಮಜ್ಜಿಗಿ ತರತೇನಿ."

ಅವಳು ಮಜ್ಜಿಗೆ ತರುವಷ್ಟರಲ್ಲಿ ಸಾಹೇಬರು ಹೊರಸಿನ ಮೇಲೆ ಅಡ್ಡಾಗಿದ್ದರು. ಎದೆಯ ಮೇಲೆ ಫೈಲು, ಮೂಗಿನಿಂದ ಗೊರಕೆ! ದಪ್ಪ ಗೋಡೆ, ಮೇಲೆ ಬೆಳಕಿಂಡಿ, ಹೊಳೆಯ ಕಡೆಯಿಂದ ಗಾಳಿ. ಪಾಪ, ಅವರಾದರೂ ಏನು ಮಾಡಿಯಾರು? ಇಳಿಹೊತ್ತಿಗೆ ಎದ್ದವರು ನಾಚಿಕೊಂಡು ಮಜ್ಜಿಗೆ ಕುಡಿದರು, ಅತ್ತೆ ಹೇಳುವ ಮೊದಲೇ ಲೋಟ ತೊಳೆದಿಟ್ಟರು, ಸಹಿ ಹಾಕಿದರು. ಹೋಗುವಾಗ ಮೆಲ್ಲಗೆ, "ಮೇ ತಿಂಗಳದಾಗ ಒಂದ ಖೋಲಿ ಸಿಗತೈತೇನ್ರೀ, ಮನಿ ಮಂದಿ ಕರಕೊಂಡ ಬರತೇನಿ," ಎಂದು ಕೇಳಿದರು.

ಅಂದಿನಿಂದ ಕೋಣೆ ಖಾಲಿ ಇದ್ದದ್ದು ಕಡಿಮೆ. ಚಳಿಗಾಲದಲ್ಲಿ ಕಿಟಕಿ ತೆರೆದರೆ ಹಿನ್ನೀರಿನ ತುಂಬ ರಾಜಹಂಸಗಳು. ಬಂದವರು ಒಂದೇ ಬಕೆಟ್ ನೀರಲ್ಲಿ ಜಳಕ ಮಾಡುತ್ತಾರೆ, ಬೈಸಿಕೊಂಡು ತಾಟು ತೊಳೆಯುತ್ತಾರೆ. ನನಗೆ ಮುಧೋಳದ ಕಚೇರಿಯಲ್ಲಿ ಯಾರಾದರೂ "ಆ ಮಣ್ಣಿನ ಲಾಡ್ಜಿನ ಅಕ್ಕೋರ ನಿಮಗ ಏನಾಗಬೇಕ್ರೀ?" ಎಂದು ಕೇಳಿದರೆ ಸಾಕು, ಕುರ್ಚಿಯಲ್ಲಿ ನಾಲ್ಕು ಬೆರಳು ಎತ್ತರವಾಗುತ್ತೇನೆ.

ಹೋದ ಮಾಘದಲ್ಲಿ ಹಿನ್ನೀರಲ್ಲಿ ಮುಳುಗಿದ ಹಳ್ಳಿಯವರಿಗೆಂದು ಕಟ್ಟಿದ ಹತ್ತಿರದ ಪುನರ್ವಸತಿ ಊರಿನ ಮದುವೆ ಮನೆಯೊಂದರಲ್ಲಿ ಜಾಗ ಸಾಲದೆ, ಕೆಲವು ಬೀಗರನ್ನೂ ಮನೆಯ ಮುದುಕಿಯನ್ನೂ ಅತ್ತೆಯಲ್ಲಿಗೆ ಕಳಿಸಿದರು. ನಾನೂ ಅಂದು ಅಲ್ಲಿದ್ದೆ. ಮುದುಕಿ ಒಳಗೆ ಬಂದವಳೇ ಗೋಡೆಗೆ ಅಂಗೈ ಇಟ್ಟಳು. ತೆಗೆಯಲಿಲ್ಲ.

"ನಮ್ಮ ಮನಿ ಹಿಂಗ ತಣ್ಣಗಿತ್ತ ಯವ್ವಾ," ಎಂದಳು. ಕಿಟಕಿಯಾಚೆ ನೀರಿನತ್ತ ಗದ್ದ ಎತ್ತಿದಳು. "ಅಲ್ಲಿ. ಈಗ ತಳದಾಗೈತಿ. ಆಮ್ಯಾಲ ಪತ್ರಾಸ್ ತಗಡಿನ ಮನಿ, ಸಿಮಿಂಟಿನ ಮನಿ ಎಲ್ಲಾ ಆದೂ. ನಿದ್ದಿ ಮಾತ್ರ ಹತ್ತಲಿಲ್ಲ ನೋಡ."

ಅತ್ತೆ ಅವಳ ಚೀಲ ತಪಾಸಣೆ ಮಾಡಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದಳು: "ನಿಮ್ಮ ಮನ್ಯಾಗ ಒಲಿ ಯಾವ ಕಡೆ ಇತ್ತಬೇ?"

ಮುದುಕಿ ಪಡಸಾಲೆಯ ಮೂಡಣ ಮೂಲೆಗೆ ಬೆರಳು ಮಾಡಿದಳು.

ಬೆಳಿಗ್ಗೆ ಎದ್ದು ನೋಡುತ್ತೇನೆ, ಊರಿಗೆಲ್ಲ ಹುಕುಂ ಮಾಡುವ ನಮ್ಮ ಅತ್ತೆ ಆ ಮೂಲೆಯಲ್ಲಿ ಮಂಡಿಯೂರಿ, ಮೊಣಕೈತನಕ ಕೆಸರು ಮಾಡಿಕೊಂಡು ಒಲೆ ಕಟ್ಟುತ್ತಿದ್ದಾಳೆ! ಮುದುಕಿ ಗೋಡೆಗೆ ಒರಗಿ ಕುಳಿತು, "ಇನ್ನಟ ಎತ್ತರ ಮಾಡ... ಹಂಗಲ್ಲ, ಒಲಿ ಬಾಯಿ ಈ ಕಡೆ," ಎಂದು ತಿದ್ದುತ್ತಿದ್ದಾಳೆ.

"ಹ್ಞೂಂ ಯವ್ವಾ," ಎನ್ನುತ್ತಿದ್ದಳು ಅತ್ತೆ. "ಹಿಂಗೇನು? ನೋಡಿ ಹೇಳ."