ಎಲೆಯ ಬುಡವೂ ಪರರ ಸೈಟೂ

ಬಾಟನಿಯಲ್ಲಿ ಬಿ.ಎಸ್ಸಿ. ಮಾಡಿದವನು ಆ ಸಂಗತಿಯನ್ನು ನೆರೆಹೊರೆಯವರಿಂದ ಮುಚ್ಚಿಡುವುದು ಒಳ್ಳೆಯದು. ಡಾಕ್ಟರನ್ನು ಕಂಡರೆ ಜನ ನಾಲಿಗೆ ಚಾಚುತ್ತಾರೆ, ನಮ್ಮನ್ನು ಕಂಡರೆ ಗಿಡ ಚಾಚುತ್ತಾರೆ. ವಿಮಾ ಕಚೇರಿಯ ಗುಮಾಸ್ತನಾಗಿ ನಾನು ಈ ಗುಟ್ಟನ್ನು ಬಹುಕಾಲ ಕಾಪಾಡಿಕೊಂಡಿದ್ದೆ. ನನ್ನ ಹೆಂಡತಿ ಸರೋಜ ಅದನ್ನು ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗದಗಿನ ಗಿರಿಜಕ್ಕನಿಗೆ ಹೇಳಿಬಿಟ್ಟಳು.

ಇದು ತೊಂಬತ್ತರ ದಶಕದ ಮಾತು. ಜೆ.ಪಿ. ನಗರದಲ್ಲಿ ಆಗ ಮನೆಗಳಷ್ಟೇ ಖಾಲಿ ಸೈಟುಗಳೂ ಇದ್ದವು. ನಮ್ಮ ಪಕ್ಕದ ಸೈಟಿನ ನಡುವೆ ‘ಈ ಸೈಟು ಮಾರಾಟಕ್ಕಿಲ್ಲ’ ಎಂಬ ಬೋರ್ಡು, ಅದರ ಸುತ್ತ ಹಳದಿ ಹೂವು. ಒಂದು ಭಾನುವಾರ ಗಿರಿಜಕ್ಕ ಅಲ್ಲಿಂದ ಕಿತ್ತ ಎರಡು ಹೂಗೊಂಚಲು ಹಿಡಿದು ಬಂದರು.

“ಸರ, ಇವೆರಡೂ ಸಾಸ್ವಿನ ಏನ್ರಿ? ರೊಟ್ಟಿ ಜೋಡಿ ಸೊಪ್ಪು ಹಸೀದ ತಿನ್ನಬೇಕಂತ ಮಾಡೀನಿ. ಏನರ ಆತಂದ್ರ ನೀವ ಜವಾಬ್ದಾರಿ ನೋಡ್ರಿ ಮತ್ತ!”

ಸಾಸಿವೆಯ ಕುಟುಂಬ ನಮ್ಮ ಮಾವನವರ ಕಡೆಯವರ ಹಾಗೆ. ಮದುವೆಮನೆಯಲ್ಲಿ ಸಾಲಾಗಿ ಕೂತರೆ ಎಲ್ಲರದೂ ಒಂದೇ ಮೂಗು. ಯಾರು ಸೋದರತ್ತೆ, ಯಾರು ಚಿಕ್ಕಮ್ಮ ಎಂದು ಇವತ್ತಿಗೂ ನನಗೆ ತಿಳಿಯದು. ಇವುಗಳದೂ ಅಷ್ಟೆ. ಯಾವ ಹೂವು ನೋಡಿದರೂ ನಾಲ್ಕು ದಳ, ಉದ್ದದ ಕೇಸರ ನಾಲ್ಕು, ಗಿಡ್ಡ ಎರಡು. ವ್ಯತ್ಯಾಸವಿರುವುದು ಕೆಳಗೆ. ಒಂದರ ಎಲೆಯ ಬುಡ ಕಾಂಡವನ್ನು ತಬ್ಬಿಕೊಂಡಿರುತ್ತದೆ, ಇನ್ನೊಂದರದು ಬಿಗುಮಾನದಿಂದ ದೂರ ನಿಂತಿರುತ್ತದೆ. ಕಾಯಿಯ ತುದಿಯ ಕೊಕ್ಕನ್ನೂ ಅಳೆದರೆ ಅನುಮಾನ ಪೂರ್ತಿ ಹೋಗುತ್ತದೆ. ಬರೀ ಹೂವು ನೋಡಿ ಹೇಳುವಂತಿಲ್ಲ ಎಂದು ಗಿರಿಜಕ್ಕನಿಗೆ ಇಷ್ಟನ್ನೂ ವಿವರಿಸಿದೆ. ಸರೋಜಳ ಹೊಲಿಗೆಯ ಟೇಪನ್ನು ಜೇಬಿಗೆ ಹಾಕಿಕೊಂಡು ಸೈಟಿಗೆ ಇಳಿದೆ.

ಎಲೆಯ ಬುಡ ನೋಡಲು ಕೆನ್ನೆಯನ್ನು ನೆಲಕ್ಕೆ ತಾಗಿಸಬೇಕು. ಹಾಗೆಯೇ ಮಲಗಿ, ಟೇಪು ಬಿಚ್ಚಿ, ಕಾಯಿಗೆ ಹಿಡಿದಿದ್ದೆ. ಹಿಂದೆ ಸ್ಕೂಟರ್ ನಿಂತ ಸದ್ದು.

“ಯಾವನೋ ಅವನು, ನನ್ನ ಸೈಟಲ್ಲಿ ಟೇಪ್ ಹಿಡಿದಿರೋದು?”

ತಿರುಗಿದರೆ ದಪ್ಪ ಮೀಸೆಯ ಯಜಮಾನರು, ಕೈಯಲ್ಲಿ ಹಾರೆ. ಇಂದಿಗೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಹಾರೆ, ಆಮೇಲೆ ಮೀಸೆ.

“ಹೂವು ನೋಡ್ತಿದ್ದೆ ಸಾರ್...”

“ಹೂವಾ? ಹೋದ ಸಲ ಬಂದವನು ಮೇಕೆ ಹುಡುಕ್ತಿದ್ದೀನಿ ಅಂದ. ಬೆಳಗಾಗೋದ್ರೊಳಗೆ ಶೆಡ್ ಎಬ್ಬಿಸಿದ್ದ! ಎಲ್ಲೀವರೆಗೆ ಅಳತೆ ಆಯ್ತು, ಹೇಳು!”

“ಕಾಯಿಯ ಕೊಕ್ಕಿನವರೆಗೆ ಸಾರ್,” ಎಂದೆ. ಸತ್ಯವನ್ನೇ ಹೇಳಿದ್ದೆ. ಹಾರೆ ಮೇಲೆದ್ದಿತು, ಜೊತೆಗೆ ನನ್ನ ಎರಡು ಕೈಯೂ. ನಾನು ಎದ್ದು ಹಿಂದೆ ಹಿಂದೆ ಸರಿದು, ಬೋರ್ಡಿನ ಕಂಬ ಸಿಕ್ಕಿದ್ದೇ ಅದನ್ನು ತಬ್ಬಿಕೊಂಡೆ. ಕಾಲೇಜಿನಲ್ಲಿ ಕಲಿತ ಲ್ಯಾಟಿನ್ ಹೆಸರುಗಳೆಲ್ಲ ನೆನಪಿಗೆ ಬಂದವು. ಒಂದೂ ಆ ಹೊತ್ತಿಗೆ ಉಪಯೋಗಕ್ಕೆ ಬರುವಂಥದ್ದಲ್ಲ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಸರೋಜಳ ದನಿ. “ರೀ, ನನ್ನ ಟೇಪ್ ಎಲ್ರೀ? ಬ್ಲೌಸ್ ಅರ್ಧಕ್ಕೇ ನಿಂತಿದೆ!” ಹಾರೆ ಕಂಡು ಅವಳು ಕಾಂಪೌಂಡಿನ ಮೇಲಿಂದ ಬಗ್ಗಿ ಏನೆಂದು ಕೇಳಿದಳು. ವಿಷಯ ತಿಳಿದ ಮೇಲೆ ಸೊಂಟಕ್ಕೆ ಕೈಯಿಟ್ಟಳು.

“ಇವರಾ? ಸೈಟ್ ಹಿಡಿಯೋಕಾ? ಅಯ್ಯೋ ಅಂಕಲ್, ಬಸ್ಸಲ್ಲಿ ಒಂದು ಸೀಟ್ ಹಿಡಿಯೋಕಾಗಲ್ಲ ಇವರಿಗೆ! ಮೆಜೆಸ್ಟಿಕ್‌ವರೆಗೂ ನಾನೇ ಕರ್ಚೀಫ್ ಹಾಕ್ಬೇಕು.”

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಾರೆ ಇಳಿಯಿತು. “ಹೌದಮ್ಮ, ನೋಡಿದ್ರೇ ಗೊತ್ತಾಗುತ್ತೆ,” ಎಂದರು. ಜೀವ ಉಳಿಯಿತು, ನಿಜ. ಆದರೂ ಅವರು ಇನ್ನೂ ಸ್ವಲ್ಪ ಹೊತ್ತು ಅನುಮಾನಪಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮರುದಿನ ಸೈಟಿನ ಗಿಡಗಳನ್ನೆಲ್ಲ ಸವರಿಹಾಕಿದ್ದರು. ಬೋರ್ಡಿನಲ್ಲಿ ಹೊಸ ಸಾಲೊಂದು ಸೇರಿತ್ತು: ‘ಇಲ್ಲಿ ಹೂವು ನೋಡಬಾರದು.’ ಅಂದಿನಿಂದ ಅಡುಗೆಮನೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿದರೂ ನನ್ನ ಎರಡು ಕೈ ತಾವಾಗಿಯೇ ಮೇಲೇಳುತ್ತವೆ.

ಗಿರಿಜಕ್ಕ ಮಾತ್ರ ಬಿಡಲಿಲ್ಲ. “ಕಡೀಕ ಯಾವ್ದು ಸಾಸ್ವಿರಿ ಸರ? ಎಲಿ ತಬ್ಬಿಕೊಂಡಿತ್ತೋ, ಇಲ್ಲೋ?”

ನನಗೆ ಗೊತ್ತಿಲ್ಲ. ಆ ಸೈಟಿನಲ್ಲಿ ಯಾರಾದರೂ ಏನನ್ನಾದರೂ ತಬ್ಬಿಕೊಂಡಿದ್ದು ನನಗೆ ನೆನಪಿದ್ದರೆ, ಅದು ನಾನು, ಆ ಕಂಬವನ್ನು.